ಭೇಂಡಿ ಬಜಾರ್: ಬಿಲ್ಡರ್ ಬಂದಾಗ ಬಾಡಿಗೆದಾರರ ಕೈಯಲ್ಲಿ ಏನಿತ್ತು?

ಹಳೇ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತೇವೆ ಅಂತ ಯಾರಾದರೂ ಮುಂದೆ ಬಂದರೆ ನಾವು ತಕ್ಷಣ ಎರಡು ಗುಂಪಾಗ್ತೀವಿ. ಕೆಲವರಿಗೆ ಅದು ಅಭಿವೃದ್ಧಿ, ಉಳಿದವರಿಗೆ ಭೂಕಬಳಿಕೆ. ನಾನು ಮೊದಲು ಕೇಳೋ ಪ್ರಶ್ನೆ ಬೇರೆ: ಅಲ್ಲಿ ವಾಸ ಇರುವವರು ಬೇಡ ಅಂದರೆ ಕೆಲಸ ನಿಲ್ಲುತ್ತಾ? ಇದನ್ನು ಅರ್ಥ ಮಾಡಿಕೊಳ್ಳೋಕೆ ದಕ್ಷಿಣ ಮುಂಬೈನ ಭೇಂಡಿ ಬಜಾರ್ ನೋಡಬೇಕು.

ಏನಿದು ಯೋಜನೆ?

ಇಲ್ಲಿ ಡೆವಲಪರ್ ಕಂಪನಿಯಲ್ಲ, ಸ್ಥಳೀಯ ಟ್ರಸ್ಟ್. ಈ ಪ್ರದೇಶದಲ್ಲಿ ಹೆಚ್ಚಾಗಿರುವ ದಾವೂದಿ ಬೊಹ್ರಾ ಸಮುದಾಯದ ಧರ್ಮಗುರು ಸೈಯದ್ನಾ ಮೊಹಮ್ಮದ್ ಬುರ್ಹಾನುದ್ದೀನ್ ಅವರ ಪ್ರೇರಣೆಯಿಂದ 2009ರಲ್ಲಿ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಶುರುವಾಯಿತು. ಸುಮಾರು 16.5 ಎಕರೆ, 250 ಕಟ್ಟಡ, 3,200 ಕುಟುಂಬ, 1,250 ಅಂಗಡಿ. ಒಂದೊಂದೇ ಕಟ್ಟಡ ಅಲ್ಲ, ಇಡೀ ಪ್ರದೇಶವನ್ನೇ ಕೆಡವಿ ಕಟ್ಟುವ 'ಕ್ಲಸ್ಟರ್' ಯೋಜನೆ ಇದು.

ಕಟ್ಟಡಗಳು ಹಾಳಾಗಿದ್ದು ಯಾಕೆ?

ಇಲ್ಲಿನ ಬಹುತೇಕರು 'ಪಗಡಿ' ಬಾಡಿಗೆದಾರರು. ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಸೇರಿಕೊಂಡರೆ ಆಮೇಲೆ ಬಾಡಿಗೆ ತೀರಾ ಕಡಿಮೆ. ಮುಂಬೈನ ಬಾಡಿಗೆ ನಿಯಂತ್ರಣ ಕಾನೂನು ಆ ಬಾಡಿಗೆಯನ್ನು ದಶಕಗಳ ಕಾಲ ಏರಲು ಬಿಡಲಿಲ್ಲ. ಹೀಗಾಗಿ ಮಾಲೀಕರು ರಿಪೇರಿ ಕೈಬಿಟ್ಟರು, ತೊಲೆಗಳು ಕೊಳೆತವು. ಆದರೆ ಬಾಡಿಗೆದಾರರನ್ನು ಸುಲಭವಾಗಿ ಎಬ್ಬಿಸಲು ಆಗದಂತೆ ಕಾಪಾಡಿದ್ದೂ ಅದೇ ಕಾನೂನು. ಈ ಎರಡನೇ ಮುಖವನ್ನು ನಾವು ಮರೀತೀವಿ.

ಲೆಕ್ಕ ಹೇಗೆ ಕೂಡಿಬರುತ್ತೆ?

ಕ್ಲಸ್ಟರ್ ನಿಯಮದಡಿ ಎಫ್‌ಎಸ್‌ಐ 4 ಸಿಗುತ್ತೆ. ಬೆಂಗಳೂರಲ್ಲಿ ಎಫ್‌ಎಆರ್ ಅಂತೀವಲ್ಲ, ಅದೇ. ಅಂದರೆ ಸಾವಿರ ಚದರಡಿ ಜಾಗಕ್ಕೆ ನಾಲ್ಕು ಸಾವಿರ ಚದರಡಿ ಕಟ್ಟಬಹುದು. ಹಳೇ ಬಾಡಿಗೆದಾರರಿಗೆ ಕನಿಷ್ಠ 350 ಚದರಡಿಯ ಸ್ವಂತ ಮನೆ ಉಚಿತ. ಮಿಕ್ಕಿದ್ದನ್ನು ಮಾರುಕಟ್ಟೆ ದರಕ್ಕೆ ಮಾರಿ ಖರ್ಚು ಎತ್ತಬೇಕು. ಇದಕ್ಕೆಲ್ಲ ಬಾಡಿಗೆದಾರರ ಒಪ್ಪಿಗೆ ಬೇಕು. ಯೋಜನೆ ಶುರುವಾದಾಗ ಆ ಮಿತಿ ಶೇ. 70 ಇತ್ತು. ಕೆಡವುವ ಮುಂಚೆ ಮಜಗಾಂವ್ ಮುಂತಾದ ಕಡೆ ತಾತ್ಕಾಲಿಕ ಮನೆಗಳನ್ನೂ ಟ್ರಸ್ಟ್ ಕೊಟ್ಟಿತು. ಮೊದಲ ಹಂತದ ಗೋಪುರಗಳಿಗೆ ಹಳೇ ನಿವಾಸಿಗಳು ವಾಪಸ್ ಬಂದಿದ್ದಾರೆ, ಈ ಸಲ ಮಾಲೀಕರಾಗಿ.

ಹಾಗಾದ್ರೆ ಎಲ್ಲ ಸರಿಯಾಯ್ತಾ?

ಇಲ್ಲ. 31 ಆಗಸ್ಟ್ 2017ರಂದು ಇದೇ ಯೋಜನೆಗೆ ಸೇರಿದ್ದ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತರು. ಕೆಲವು ಕುಟುಂಬಗಳು ಆಗಲೇ ಬೇರೆಡೆ ಹೋಗಿದ್ದವು, ಉಳಿದವು ಅಲ್ಲೇ ಇದ್ದವು. ಒಪ್ಪಿಗೆಗೆ ಸಮಯ ಬೇಕು, ಕೊಳೆತ ತೊಲೆ ಅಲ್ಲಿವರೆಗೂ ಕಾಯಲ್ಲ. ಅದಕ್ಕೇ ಅಪಾಯದ ಕಟ್ಟಡ ಖಾಲಿ ಮಾಡಿಸಿ, ಹೊಸ ಮನೆಯ ಹಕ್ಕನ್ನು ಬರಹದಲ್ಲಿ ಕೊಡುವ ಹೊಣೆ ಸರ್ಕಾರದ್ದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಅದನ್ನು ಯಾವ ಟ್ರಸ್ಟಿಗೂ ಬಿಡಬಾರದು. ಇನ್ನೊಂದು ಮಾತು: ಧರ್ಮಗುರುವಿನ ಮೇಲಿನ ನಂಬಿಕೆ ಇಲ್ಲಿ ಕೆಲಸ ಮಾಡಿದೆ. ಬೇರೆ ಊರಲ್ಲಿ ಅದನ್ನು ನಕಲು ಮಾಡೋಕಾಗಲ್ಲ. ಕಾನೂನನ್ನು ಮಾಡಬಹುದು.

ನಮಗೇನು ಪಾಠ?

ಬೆಂಗಳೂರಿನ ಈಜಿಪುರ ನೆನಪಿರಲಿ. ಆರ್ಥಿಕವಾಗಿ ದುರ್ಬಲರಿಗಾಗಿ ಕಟ್ಟಿದ್ದ ಅಲ್ಲಿನ ಕ್ವಾರ್ಟರ್ಸ್ ಶಿಥಿಲವಾದಾಗ, ಪಾಲಿಕೆ ಖಾಸಗಿ ಡೆವಲಪರ್ ಜೊತೆ ಒಪ್ಪಂದ ಮಾಡಿಕೊಂಡಿತು. ಜಾಗದ ಒಂದು ಪಾಲು ವಾಣಿಜ್ಯಕ್ಕೆ, ಇನ್ನೊಂದು ಮನೆಗಳಿಗೆ. ಜನವರಿ 2013ರಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಜನ ಪಕ್ಕದ ಫುಟ್‌ಪಾತ್‌ನಲ್ಲೇ ತಿಂಗಳುಗಟ್ಟಲೆ ಕಳೆದರು, ಜಾಗ ಮಾತ್ರ ವರ್ಷಗಟ್ಟಲೆ ಬಯಲಾಗಿಯೇ ಉಳಿಯಿತು.

ಎರಡೂ ಕಡೆ ಕಟ್ಟಡ ಕೊಳೆತಿತ್ತು, ಎರಡೂ ಕಡೆ ಭೂಮಿಗೆ ಬಂಗಾರದ ಬೆಲೆ ಇತ್ತು. ಭೇಂಡಿ ಬಜಾರ್‌ನವರ ಸಹಿ ಇಲ್ಲದೆ ಯೋಜನೆ ಮುಂದೆ ಹೋಗುತ್ತಿರಲಿಲ್ಲ, ಈಜಿಪುರದವರ ಸಹಿಯನ್ನು ಯಾರೂ ಕಾಯಲಿಲ್ಲ. ನಿಮ್ಮ ಏರಿಯಾಕ್ಕೂ ಇಂಥ ಯೋಜನೆ ಬಂದರೆ ಬಣ್ಣದ ಬ್ರೋಷರ್ ಪಕ್ಕಕ್ಕಿಟ್ಟು ಮೂರೇ ವಿಷಯ ಕೇಳಿ: ಒಪ್ಪಿಗೆ ಯಾರದ್ದು, ಅಲ್ಲಿವರೆಗೆ ಮಲಗೋದು ಎಲ್ಲಿ, ಹಕ್ಕುಪತ್ರ ಯಾರ ಹೆಸರಲ್ಲಿ?