ಸ್ವಾಲೋ ತೆಳ್ಳಗೆ ಮಾಡಿದ ಪೈಪು

ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಹೇಳಿಕೊಟ್ಟವನು ನಾನು. ಹಾಗಾಗಿ ಕಡಲು ಅಳೆದವರ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಜಾನ್ ಸ್ವಾಲೋ.

ಅವರಿಗಿಂತ ಮುಂಚೆ ಹಡಗು ನಿಲ್ಲಿಸಿ, ತಂತಿಗೆ ನೀರಿನ ಮಾದರಿ ಹಿಡಿಯುವ ನ್ಯಾನ್ಸೆನ್ ಬಾಟಲಿಗಳನ್ನೂ ಥರ್ಮಾಮೀಟರುಗಳನ್ನೂ ಕಟ್ಟಿ ಇಳಿಬಿಡುತ್ತಿದ್ದರು. ಮೇಲಿಂದ ಒಂದು ತೂಕ ಜಾರಿಸಿದರೆ ಬಾಟಲಿ ಮಗುಚಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಥರ್ಮಾಮೀಟರಿನ ಪಾದರಸದ ಎಳೆ ಕಡಿದು ಆ ಆಳದ ತಾಪಮಾನ ದಾಖಲಾಗುತ್ತಿತ್ತು. ಆದರೆ ಆಳದ ನೀರು ಎತ್ತ, ಎಷ್ಟು ಬೇಗ ಹರಿಯುತ್ತದೆ? ಹಡಗೇ ತೇಲಿ ಸರಿಯುತ್ತಿರುವಾಗ ತಂತಿಯ ತುದಿಗೆ ಕಟ್ಟಿದ ಮೀಟರನ್ನು ನಂಬುವಂತಿರಲಿಲ್ಲ.

ಇಂಗ್ಲೆಂಡಿನ ವರ್ಮ್ಲಿಯಲ್ಲಿದ್ದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ 1955ರಲ್ಲಿ ಸ್ವಾಲೋ ತಂತಿಯನ್ನೇ ಕೈಬಿಟ್ಟರು. ಆಳಕ್ಕೆ ಹೋದಂತೆ ಒತ್ತಡದಿಂದ ನೀರು ತುಸು ಕುಗ್ಗಿ ಸಾಂದ್ರವಾಗುತ್ತದೆ. ನೀರಿಗಿಂತ ಕಡಿಮೆ ಕುಗ್ಗುವ ಕೊಳವೆಯೊಂದನ್ನು ಮೇಲೆ ಮುಳುಗುವಷ್ಟೇ ಭಾರ ಮಾಡಿ ಬಿಟ್ಟರೆ, ಎಲ್ಲೋ ಒಂದು ಆಳದಲ್ಲಿ ಅದರ ಸಾಂದ್ರತೆಯೂ ಸುತ್ತಲಿನ ನೀರಿನದೂ ಸಮವಾಗಿ ಅಲ್ಲೇ ನಿಲ್ಲುತ್ತದೆ, ಆ ನೀರಿನ ಜೊತೆಗೇ ಸಾಗುತ್ತದೆ. ಪೈಪು ತೀರ ತೆಳುವಾದರೆ ಒತ್ತಡಕ್ಕೆ ಅಪ್ಪಚ್ಚಿ. ದಪ್ಪವಾದರೆ ನೇರ ತಳಕ್ಕೆ. ಅವರು ಆರಿಸಿಕೊಂಡದ್ದು ಕಟ್ಟಡಕ್ಕೆ ಸಾರುವೆ ಕಟ್ಟುವ ಅಲ್ಯೂಮಿನಿಯಂ ಪೈಪು. ಅದರ ದಪ್ಪ ಸ್ವಲ್ಪ ಹೆಚ್ಚಾಗಿತ್ತು. ಆಳೆತ್ತರ ಮೀರಿದ ಪೈಪನ್ನು ಒಂದೇ ಸಮ ತೆಳ್ಳಗೆ ತುರಿಯುವುದು ಲೇತಿನಲ್ಲಿ ಎಷ್ಟು ಕಷ್ಟ ಎಂದು ಲೇತ್ ಹಿಡಿದವರಿಗೆ ಗೊತ್ತು: ನಡುವೆ ಬಾಗುತ್ತದೆ, ಅದುರುತ್ತದೆ. ಸ್ವಾಲೋ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಲೋಹವನ್ನು ಕರಗಿಸಿ ದಪ್ಪ ಇಳಿಸಿದರು! ಆಮೇಲೆ ಉಪ್ಪುನೀರಿನಲ್ಲಿ ತೂಗಿ ತೂಗಿ ಭಾರ ಹೊಂದಿಸುವುದು. ಕೆಲವೇ ಗ್ರಾಂ ಹೆಚ್ಚುಕಮ್ಮಿಯಾದರೆ ನಿಲ್ಲುವ ಆಳವೇ ನೂರಾರು ಮೀಟರ್ ತಪ್ಪುತ್ತದೆ. ಇಷ್ಟು ಕೈಗೆಲಸ ಇಲ್ಲದಿದ್ದರೆ ಆ ಭೌತಶಾಸ್ತ್ರ ಕಾಗದದ ಮೇಲೇ ಉಳಿಯುತ್ತಿತ್ತು.

ಒಳಗಿನ ಬ್ಯಾಟರಿಯಿಂದ ಪೈಪು ಬಿಟ್ಟುಬಿಟ್ಟು ಶಬ್ದ ಮಾಡುತ್ತಿತ್ತು. ಹಡಗು ಅದಕ್ಕೆ ಕಿವಿಗೊಟ್ಟು ಹಿಂಬಾಲಿಸುತ್ತಿತ್ತು. 1957ರಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ, ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಪ್ರವಾಹದ ಅಡಿಯಲ್ಲಿ ಬಿಟ್ಟ ಪೈಪುಗಳು ದಕ್ಷಿಣಕ್ಕೆ ಹೊರಟವು. ಅಂಥ ಪ್ರವಾಹ ಇರಲೇಬೇಕೆಂದು ಅಮೆರಿಕದ ಸಾಗರವಿಜ್ಞಾನಿ ಹೆನ್ರಿ ಸ್ಟೊಮೆಲ್ ಲೆಕ್ಕ ಹಾಕಿ ಹೇಳಿದ್ದರು. 1959-60ರಲ್ಲಿ ಸ್ವಾಲೋ ಬರ್ಮುಡಾದ ಪಶ್ಚಿಮಕ್ಕೆ ‘ಏರೀಸ್’ ಎಂಬ ಸಣ್ಣ ಹಾಯಿದೋಣಿಯಲ್ಲಿ ಮತ್ತೆ ಅಳೆದರು. ಆಳದ ನೀರು ತೀರ ನಿಧಾನ ಎಂದು ಎಲ್ಲರೂ ಎಣಿಸಿದ್ದರೆ, ಪೈಪುಗಳು ಅದರ ಹತ್ತಾರು ಪಟ್ಟು ವೇಗದಲ್ಲಿ ದಿಕ್ಕಿಗೊಂದರಂತೆ ಓಡಿದವು. ಆಳದಲ್ಲೂ ದೊಡ್ಡ ದೊಡ್ಡ ಸುಳಿಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. 1964ರ ಮುಂಗಾರಿನಲ್ಲಿ ಸ್ವಾಲೋ ನಮ್ಮ ಅರಬ್ಬೀ ಸಮುದ್ರಕ್ಕೂ ಬಂದು, ಸೊಮಾಲಿಯಾ ಕರಾವಳಿಯ ರಭಸದ ಪ್ರವಾಹವನ್ನು ಅಳೆದರು.

ಪೈಪಿನ ಹಿಂದೆ ಹಡಗು ಅಲೆಯಬೇಕಾದ ಕಷ್ಟವನ್ನು ಎಂಜಿನಿಯರ್ ಡಗ್ ವೆಬ್ ಮತ್ತು ಸಾಗರವಿಜ್ಞಾನಿ ರಸ್ ಡೇವಿಸ್ ತಪ್ಪಿಸಿದರು. 1990ರ ದಶಕದ ಅವರ ಉಪಕರಣ ಒಳಗಿನ ಎಣ್ಣೆಯನ್ನು ಹೊರಗಿನ ರಬ್ಬರ್ ಚೀಲಕ್ಕೆ ಪಂಪ್ ಮಾಡುತ್ತದೆ; ತೂಕ ಅಷ್ಟೇ ಇದ್ದು ಗಾತ್ರ ಹಿಗ್ಗುವುದರಿಂದ ತಾನೇ ಮೇಲೇರಿ ಉಪಗ್ರಹಕ್ಕೆ ಸುದ್ದಿ ಕಳಿಸಿ ಮತ್ತೆ ಮುಳುಗುತ್ತದೆ. ಹಲವು ದೇಶಗಳು ಸೇರಿ ನಡೆಸುವ ಇಂದಿನ ಆರ್ಗೋ ಯೋಜನೆಯ ಫ್ಲೋಟುಗಳದೂ (ತೇಲು ಉಪಕರಣ) ಇದೇ ಕ್ರಮ: 1000 ಮೀಟರಿನಲ್ಲಿ ಅಲೆದು, 2000ಕ್ಕೆ ಇಳಿದು, 10 ದಿನಕ್ಕೊಮ್ಮೆ ತಾಪಮಾನ, ಉಪ್ಪು, ಒತ್ತಡ ಅಳೆಯುತ್ತ ಮೇಲೆ ಬರುತ್ತವೆ. 2007ರ ನವೆಂಬರಿನಲ್ಲಿ ಅವುಗಳ ಸಂಖ್ಯೆ 3000 ಮುಟ್ಟಿತು. ಹಿಂದೂ ಮಹಾಸಾಗರದಲ್ಲಿ ಭಾರತದ ಪಾಲಿನ ಫ್ಲೋಟುಗಳನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೀರಿಗೆ ಬಿಡುತ್ತದೆ. ಅಳತೆ ಯಾರು ಬೇಕಾದರೂ ನೋಡಬಹುದು.

ಕಡಲ ನೀರಿನ ಸುಮಾರು ಅರ್ಧ ಇರುವುದು 2000 ಮೀಟರಿಗಿಂತ ಕೆಳಗೆ. 6000 ಮೀಟರ್ ಇಳಿಯುವ ಹೊಸ ಫ್ಲೋಟುಗಳಿಗೆ ಈಗ ಪೈಪಿನ ಬದಲು ದಪ್ಪ ಗಾಜಿನ ಗೋಳ ಬಳಸುತ್ತಿದ್ದಾರೆ.