ಕ್ಯಾಂಡಿಡಾ ಶಿಲೀಂಧ್ರದ ಅಂಟು ಪ್ರೋಟೀನುಗಳು: ರಚನಾಶೋಧದ ಒಂದು ಚಾರಿತ್ರಿಕ ಅವಲೋಕನ

ಎಳೆಗೂಸುಗಳ ನಾಲಗೆಯ ಮೇಲೆ ಮೊಸರಿನ ಕೆನೆಯಂತೆ ಕಟ್ಟುವ ಬಿಳಿಯ ಪೊರೆ ವೈದ್ಯಶಾಸ್ತ್ರಕ್ಕೆ ಬಹು ಹಿಂದಿನಿಂದಲೂ ಪರಿಚಿತ. ಅದರಲ್ಲಿ ಶಿಲೀಂಧ್ರವೊಂದು ನೆಲೆಸಿರುವುದನ್ನು 1839ರಲ್ಲಿ ಗುರುತಿಸಿದವನು ಜರ್ಮನಿಯ ಬರ್ನ್‌ಹಾರ್ಡ್ ಲಾಂಗೆನ್‌ಬೆಕ್. ಆದರೆ ತನ್ನ ರೋಗಿಗೆ ಬಂದಿದ್ದ ಜ್ವರಕ್ಕೂ ಆ ಶಿಲೀಂಧ್ರಕ್ಕೂ ಆತ ನಂಟು ಕಲ್ಪಿಸಿದ. ಮುಂದೆ ಸ್ವೀಡನ್ನಿನ ಫ್ರೆಡ್ರಿಕ್ ಬರ್ಗ್ ಹಾಗೂ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ಅವರ ಅಧ್ಯಯನಗಳಿಂದ ಬಾಯಿಯ ರೋಗಕ್ಕೆ ಈ ಶಿಲೀಂಧ್ರವೇ ಕಾರಣವೆಂಬುದು ಖಚಿತವಾಯಿತು. 1853ರಲ್ಲಿ ಚಾರ್ಲ್ಸ್ ರಾಬಿನ್ ಇದನ್ನು 'ಓಯಿಡಿಯಂ ಆಲ್ಬಿಕನ್ಸ್' ಎಂದು ಕರೆದನು. 1923ರಲ್ಲಿ ಕ್ರಿಸ್ಟೀನ್ ಬರ್ಕ್‌ಹೌಟ್ 'ಕ್ಯಾಂಡಿಡಾ' ಎಂಬ ಕುಲನಾಮವನ್ನು ನೀಡಿದರು. ಕುಲನಾಮ, ಜಾತಿನಾಮಗಳೆರಡೂ ಲ್ಯಾಟಿನ್ ಭಾಷೆಯಲ್ಲಿ ಬಿಳುಪನ್ನೇ ಸೂಚಿಸುತ್ತವೆ.

ರೋಗಕಾರಕವು ಯಾವುದೆಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆತರೂ, ಅದು ದೇಹದಲ್ಲಿ ಹೇಗೆ ನೆಲೆಯೂರುತ್ತದೆ ಎಂಬ ಪ್ರಶ್ನೆ ಉಳಿಯಿತು. ಬಾಯಿಯಲ್ಲಿ ಲಾಲಾರಸ ಹರಿಯುತ್ತಿರುತ್ತದೆ. ಕರುಳಿನಲ್ಲಿ ಆಹಾರ ಸಾಗುತ್ತಿರುತ್ತದೆ. ಹಿಡಿದು ನಿಲ್ಲಲಾರದ ಸೂಕ್ಷ್ಮಜೀವಿ ಕೊಚ್ಚಿಹೋಗುವುದು ಸಹಜ. ಆದ್ದರಿಂದ ಅಂಟಿಕೊಳ್ಳುವಿಕೆಯೇ ಸೋಂಕಿನ ಮೊದಲ ಮೆಟ್ಟಿಲೆಂಬ ವಿಚಾರ 1980ರ ದಶಕದ ವೇಳೆಗೆ ಬಲಗೊಂಡಿತು. ಕೋಶಭಿತ್ತಿಯ ಹೊರಪದರದಲ್ಲಿರುವ, ಸಕ್ಕರೆಯ ಸರಪಣಿಗಳನ್ನು ಹೊತ್ತ ಮ್ಯಾನೊಪ್ರೋಟೀನುಗಳ ಮೇಲೆ ಸಂಶೋಧಕರ ದೃಷ್ಟಿ ನೆಟ್ಟಿತು.

ನಿರ್ಣಾಯಕ ಸುಳಿವು ದೊರೆತದ್ದು ರೋಗಕಾರಕದಿಂದಲ್ಲ, ರೊಟ್ಟಿ ಹಾಗೂ ಮದ್ಯದ ತಯಾರಿಕೆಯಲ್ಲಿ ಬಳಸುವ ಯೀಸ್ಟಿನಿಂದ. ಕೂಡುವಿಕೆಯ ವೇಳೆ ಯೀಸ್ಟ್ ಕೋಶಗಳು ಪರಸ್ಪರ ಅಂಟಿಕೊಳ್ಳಲು ನೆರವಾಗುವ ಆಲ್ಫಾ-ಅಗ್ಲುಟಿನಿನ್ ಪ್ರೋಟೀನಿನ ಜೀನನ್ನು 1989ರಲ್ಲಿ ಪೀಟರ್ ಲಿಪ್ಕೆ ಮತ್ತು ಸಂಗಡಿಗರು ಪ್ರತ್ಯೇಕಿಸಿದ್ದರು. 1995ರಲ್ಲಿ ಲೋಯಿಸ್ ಹೋಯರ್ ಮತ್ತು ಸಂಗಡಿಗರು ಕ್ಯಾಂಡಿಡಾದಲ್ಲಿ ಇದನ್ನು ಹೋಲುವ ಜೀನೊಂದನ್ನು ವರ್ಣಿಸಿದರು. 'ಅಗ್ಲುಟಿನಿನ್ ಸದೃಶ ಅನುಕ್ರಮ' ಎಂಬರ್ಥದ ಆಂಗ್ಲ ಪದಗಳ ಮೊದಲಕ್ಷರಗಳಿಂದ ಅದಕ್ಕೆ ಎಎಲ್‌ಎಸ್1 ಎಂಬ ಹೆಸರಾಯಿತು. ಸಾದೃಶ್ಯವೇ ಹೆಸರಿನೊಳಗೆ ಸೇರಿಕೊಂಡದ್ದು ಗಮನಾರ್ಹ. ಈ ಕ್ಷೇತ್ರದ ಮುಂದಿನ ಚರಿತ್ರೆಯು ಬಹುಮಟ್ಟಿಗೆ ಸಾದೃಶ್ಯವನ್ನು ಎಷ್ಟು ನಂಬಬಹುದೆಂಬುದರ ಚರಿತ್ರೆಯೇ ಆಗಿದೆ.

ಈ ಕುಟುಂಬದ ಪ್ರೋಟೀನುಗಳ ಸ್ಥೂಲ ವಿನ್ಯಾಸ ಒಂದೇ ಬಗೆಯದು. ಹೊರತುದಿಯಲ್ಲಿ ಸುಮಾರು 300 ಅಮೈನೋ ಆಮ್ಲಗಳ ಅಂಟುಭಾಗ. ಅದರ ಕೆಳಗೆ ಒಂದು ಕಿರುಭಾಗ. ಅನಂತರ 36 ಅಮೈನೋ ಆಮ್ಲಗಳ ಘಟಕವೊಂದು ಮತ್ತೆ ಮತ್ತೆ ಬರುವ ಪುನರಾವರ್ತಿತ ಭಾಗ. ಅದಕ್ಕೂ ಕೆಳಗೆ ಸೆರೀನ್ ಮತ್ತು ತ್ರಿಯೋನೀನ್‌ಗಳು ದಟ್ಟವಾಗಿರುವ, ಸಕ್ಕರೆಗಳನ್ನು ಹೊತ್ತ ಕಾಂಡ. ಕಾಂಡದ ಬುಡವು ಕೋಶಭಿತ್ತಿಯ ಗ್ಲೂಕಾನ್‌ಗೆ ಬಲವಾಗಿ ಬೆಸೆದುಕೊಂಡಿರುತ್ತದೆ. ಭಿತ್ತಿಯಲ್ಲಿ ನೆಟ್ಟ ಕಂಬದ ತುದಿಗೆ ಕೈಯೊಂದನ್ನು ಜೋಡಿಸಿದಂತೆ ಈ ರಚನೆಯನ್ನು ಭಾವಿಸಬಹುದು.

ಸಾದೃಶ್ಯವನ್ನೇ ಹಿಡಿದು ನಡೆದ ಹುಡುಕಾಟದಲ್ಲಿ ಒಂದೊಂದಾಗಿ ಒಂಬತ್ತು ಹೆಸರುಗಳು ಪಟ್ಟಿಗೆ ಸೇರಿದವು. ಆದರೆ ಎಎಲ್‌ಎಸ್3 ಹಾಗೂ ಎಎಲ್‌ಎಸ್8 ಎಂದು ಕರೆಯಲಾಗಿದ್ದ ಎರಡೂ ಒಂದೇ ಸ್ಥಾನದ ಜೀನೆಂದು 2004ರಲ್ಲಿ ಹೋಯರ್ ಅವರ ಬಳಗ ತೋರಿಸಿತು. ಕ್ಯಾಂಡಿಡಾ ಆಲ್ಬಿಕನ್ಸ್ ದ್ವಿಗುಣಿತ ಜೀವಿಯಾದುದರಿಂದ ಪ್ರತಿ ಜೀನಿಗೂ ಎರಡು ಪ್ರತಿಗಳಿದ್ದು, ಅವುಗಳಲ್ಲಿ ಪುನರಾವರ್ತನೆಗಳ ಸಂಖ್ಯೆ ಭಿನ್ನವಾಗಿರಬಲ್ಲದು. ಬಹುವಾಗಿ ಅಭ್ಯಸಿಸಲಾದ ಎಸ್‌ಸಿ5314 ತಳಿಯಲ್ಲಿ ಎಎಲ್‌ಎಸ್3ರ ಒಂದು ಪ್ರತಿಯಲ್ಲಿ 12, ಇನ್ನೊಂದರಲ್ಲಿ 9 ಪುನರಾವರ್ತನೆಗಳಿವೆ. ಹೀಗಾಗಿ ಎಂಟನೆಯ ಹೆಸರು ತೆರವಾಯಿತು. ಒಂದರಿಂದ ಏಳು ಮತ್ತು ಒಂಬತ್ತು, ಒಟ್ಟು ಎಂಟು ಜೀನುಗಳು ಉಳಿದವು. ಹೆಚ್ಚು ಪುನರಾವರ್ತನೆಗಳುಳ್ಳ ಪ್ರತಿಯೇ ಅಂಟುವಿಕೆಗೆ ಹೆಚ್ಚು ನೆರವಾಗುತ್ತದೆಂಬುದು 2005ರಲ್ಲಿ ತಿಳಿದುಬಂದಿತು.

ಇದೇ ಅವಧಿಯಲ್ಲಿ ಬೇರೆ ಬಗೆಯ ಅಂಟು ಪ್ರೋಟೀನುಗಳೂ ಬೆಳಕಿಗೆ ಬಂದವು. ಎಚ್‌ಡಬ್ಲ್ಯುಪಿ1 ಎಂಬ ಪ್ರೋಟೀನನ್ನು ಮನುಷ್ಯನದೇ ಆದ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವು ಬಾಯಿಯ ಕೋಶಗಳಿಗೆ ಶಾಶ್ವತ ಬಂಧದಿಂದ ಹೊಲಿಯುತ್ತದೆಂದು 1999ರಲ್ಲಿ ಪ್ರಕಟವಾಯಿತು. ಆತಿಥೇಯನ ಕಿಣ್ವವೇ ಅತಿಥಿಗೆ ನೆಲೆ ಕಲ್ಪಿಸುವ ವಿಚಿತ್ರವಿದು. ಅದೇ ವರ್ಷ ಬ್ರೆಂಡನ್ ಕಾರ್ಮ್ಯಾಕ್ ಮತ್ತು ಸಂಗಡಿಗರು ಕ್ಯಾಂಡಿಡಾ ಗ್ಲಾಬ್ರಾಟಾದ ಇಪಿಎ1 ಪ್ರೋಟೀನನ್ನು ವರ್ಣಿಸಿದರು. ಕ್ಯಾಲ್ಸಿಯಂ ನೆರವಿನಿಂದ ಇದು ಕೋಶಗಳ ಮೇಲಿನ ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿಯುವ ಬಗೆಯನ್ನು 2012ರ ಸ್ಫಟಿಕ ರಚನೆಗಳು ತೋರಿದವು.

ಎಎಲ್‌ಎಸ್ ಕುಟುಂಬದ ವಿಷಯದಲ್ಲಿ ಮಾತ್ರ ಒಂದು ಒಗಟು ಉಳಿದಿತ್ತು. ಅಂಟುಭಾಗವು ಪ್ರತಿಕಾಯಗಳ ಮಡಿಕೆಯನ್ನು ಹೋಲುತ್ತದೆಂದು ಅನುಕ್ರಮದಿಂದ ಊಹಿಸಲಾಗಿತ್ತು. ಆದರೆ ಒಂದೇ ಪ್ರೋಟೀನು ಪರಸ್ಪರ ಹೋಲಿಕೆಯಿಲ್ಲದ ಅಷ್ಟೊಂದು ಬಗೆಯ ಪ್ರೋಟೀನುಗಳನ್ನು ಹಿಡಿಯುವುದು ಹೇಗೆಂಬುದನ್ನು ಆ ಊಹೆ ವಿವರಿಸಲಿಲ್ಲ. ಇದಕ್ಕೆ ಎರಡು ಉತ್ತರಗಳು ಮೂಡಿದವು. ಲಿಪ್ಕೆ ಅವರ ಬಳಗವು ಅಂಟುಭಾಗದ ಕೆಳಗಿನ ಏಳು ಅಮೈನೋ ಆಮ್ಲಗಳ ತುಣುಕೊಂದನ್ನು ಎತ್ತಿ ತೋರಿತು. ಅದು ಅಮಿಲಾಯ್ಡ್ ನಾರುಗಳನ್ನು ರಚಿಸಬಲ್ಲದು. ಪ್ರೋಟೀನನ್ನು ಎಳೆದಾಗ ಅಂಥ ಅಣುಗಳು ಕೋಶದ ಮೇಲ್ಮೈಯಲ್ಲಿ ಗುಂಪುಗೂಡುತ್ತವೆಂದು 2010ರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದ ಪ್ರಯೋಗಗಳು ತೋರಿಸಿದವು. ಇನ್ನೊಂದು ಉತ್ತರ 2011ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅರ್ನೆಸ್ಟೊ ಕೋಟಾ ಅವರ ಬಳಗ ಮತ್ತು ಹೋಯರ್ ಅವರ ಜಂಟಿ ಕಾರ್ಯದಿಂದ ಬಂದಿತು. ಎಎಲ್‌ಎಸ್9ರ ಸ್ಫಟಿಕ ರಚನೆಯಲ್ಲಿ ಆಳವಾದ ಕುಹರವೊಂದು ಕಂಡಿತು. ಬೇರೊಂದು ಪ್ರೋಟೀನಿನ ಸಡಿಲವಾದ ಕೊನೆಯ ಆರರವರೆಗಿನ ಅಮೈನೋ ಆಮ್ಲಗಳು ಅದರೊಳಗೆ ನುಸುಳುತ್ತವೆ. ಕುಹರದ ತಳದಲ್ಲಿರುವ ಲೈಸೀನ್ ಆ ತುದಿಯನ್ನು ಹಿಡಿಯುತ್ತದೆ. ಪ್ರೋಟೀನಿನ ಸರಪಣಿಗಳಿಗೆಲ್ಲ ತುದಿಯಿರುವುದರಿಂದ, ಸಡಿಲ ತುದಿಯನ್ನೇ ಹಿಡಿಯಬಲ್ಲ ಕೈಗೆ ಹಿಡಿತಗಳ ಕೊರತೆಯಿಲ್ಲ.

2014ರಲ್ಲಿ ಎರಡೂ ವಾದಗಳನ್ನು ಎಎಲ್‌ಎಸ್3ರಲ್ಲಿ ಒರೆಗೆ ಹಚ್ಚಲಾಯಿತು. ಕುಹರವನ್ನು ಕೆಡಿಸಿದಾಗ ಮಾನವಕೋಶಗಳಿಗೆ ಅಂಟುವ ಶಕ್ತಿಯು ಜೀನನ್ನೇ ತೆಗೆದುಹಾಕಿದಷ್ಟು ಕುಗ್ಗಿತು. ಅಮಿಲಾಯ್ಡ್ ತುಣುಕನ್ನು ಬದಲಿಸಿದಾಗ ಆ ಅಂಟುವಿಕೆಗೆ ಹೆಚ್ಚು ಧಕ್ಕೆಯಾಗಲಿಲ್ಲ, ಶಿಲೀಂಧ್ರಕೋಶಗಳು ತಮ್ಮತಮ್ಮಲ್ಲಿ ಗುಂಪುಗೂಡುವುದರ ಮೇಲೆ ಪರಿಣಾಮವಾಯಿತು. ಒಂದು ವಾದ ಇನ್ನೊಂದನ್ನು ಅಳಿಸಿತೆನ್ನುವುದಕ್ಕಿಂತ, ಎರಡು ಕಾರ್ಯಗಳು ಬೇರ್ಪಟ್ಟವೆನ್ನುವುದು ನ್ಯಾಯ.

ಈ ತಿಳಿವಿಗೆ ಪ್ರಯೋಗಶಾಲೆಯಾಚೆಗೂ ಮಹತ್ವವಿದೆ. ಎಎಲ್‌ಎಸ್3ರ ಅಂಟುಭಾಗದಿಂದ ರೂಪಿಸಿದ ಲಸಿಕೆಯನ್ನು ಮರುಕಳಿಸುವ ಯೋನಿಸೋಂಕುಳ್ಳ ಮಹಿಳೆಯರಲ್ಲಿ ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 40 ವರ್ಷಕ್ಕಿಂತ ಕಿರಿಯರ ಗುಂಪಿನಲ್ಲಿ ಪ್ರಯೋಜನ ಕಂಡುಬಂದಿತ್ತು. ಇತ್ತ 2009ರಲ್ಲಿ ಜಪಾನಿನಿಂದ ಮೊದಲು ವರ್ಣಿತವಾದ ಕ್ಯಾಂಡಿಡಾ ಆರಿಸ್, 2013ರ ವೇಳೆಗೆ ದೆಹಲಿಯ ಆಸ್ಪತ್ರೆಗಳ ರೋಗಿಗಳಲ್ಲಿಯೂ ವರದಿಯಾಯಿತು. ಚರ್ಮದ ಮೇಲೂ ಆಸ್ಪತ್ರೆಯ ಸಲಕರಣೆಗಳ ಮೇಲೂ ಉಳಿದುಕೊಳ್ಳುವ ಈ ಜಾತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅತಿ ಆದ್ಯತೆಯ ಶಿಲೀಂಧ್ರಗಳ ವರ್ಗಕ್ಕೆ ಸೇರಿಸಿತು. ಇದರಲ್ಲಿಯೂ ಎಎಲ್‌ಎಸ್‌ನಂಥ ಜೀನುಗಳಿವೆ. ಆದರೂ 2023ರಲ್ಲಿ ಅದರ ಅಂಟುವಿಕೆಗೆ ಅತ್ಯಗತ್ಯವೆಂದು ಕಂಡ ಎರಡು ಪ್ರೋಟೀನುಗಳಲ್ಲಿ ಒಂದಾದ ಎಸ್‌ಸಿಎಫ್1 ಈ ಜಾತಿಗೇ ವಿಶಿಷ್ಟವಾದುದು. ಅದು ಧನಾವೇಶದ ಅಮೈನೋ ಆಮ್ಲಗಳ ಬಲದಿಂದ ಮೇಲ್ಮೈಗಳನ್ನು ಹಿಡಿಯುತ್ತದೆ.

ಸಾದೃಶ್ಯವು 1995ರಲ್ಲಿ ಬಾಗಿಲನ್ನು ತೆರೆಯಿತು. ಪಟ್ಟಿಗೆ ಇಲ್ಲದ ಎಂಟನೆಯ ಹೆಸರನ್ನೂ ಅದೇ ತಂದಿತು. ಕುಹರವನ್ನು ಅದು ಕಾಣಿಸಲಿಲ್ಲ. ಎಸ್‌ಸಿಎಫ್1ರ ಬಳಿಗೆ ಅದೊಂದೇ ಕರೆದೊಯ್ಯಲಾರದಾಗಿತ್ತು. ಒಂದು ಜಾತಿಯ ಹಿಡಿತವನ್ನು ಬಿಡಿಸುವ ಉಪಾಯವು ಮತ್ತೊಂದಕ್ಕೆ ಸಲ್ಲುವುದೆಂದು ಊಹಿಸುವ ಮುನ್ನ, ಆಯಾ ಪ್ರೋಟೀನಿನ ರಚನೆಯನ್ನೂ ಕಾರ್ಯವನ್ನೂ ನೇರವಾಗಿ ಪರಿಶೀಲಿಸುವುದು ಅಗತ್ಯವೆಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.