ಹಾಸಿಗೆಯಿಂದ ಕಫದ ಡಬ್ಬಿಗೆ: ಕ್ಷಯ ಚಿಕಿತ್ಸೆಯ ಹಿಂದಿನ ಶ್ವಾಸವಿಜ್ಞಾನ

ಬೆಂಗಳೂರಿನ ಸಿದ್ದಾಪುರದ ಮಗ್ಗುಲಲ್ಲೇ, ಸೋಮೇಶ್ವರನಗರದಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಎಸ್‌ಡಿಎಸ್ ಕ್ಷಯರೋಗ ಸಂಶೋಧನಾ ಕೇಂದ್ರವೆಂಬ ಹಳೆಯ ಗುರುತು ಅದರ ಹೆಸರಿನಲ್ಲಿ ಇನ್ನೂ ಉಳಿದಿದೆ. ಹಳಬರಿಗಂತೂ ಅದು ಟಿ.ಬಿ. ಆಸ್ಪತ್ರೆಯೇ. ಕ್ಷಯ ಚಿಕಿತ್ಸೆಯ ಇತಿಹಾಸವನ್ನು ಔಷಧಗಳ ಇತಿಹಾಸವಾಗಿ ಬರೆಯುವುದು ರೂಢಿ. ಶ್ವಾಸಕೋಶದ ಬಗೆಗಿನ ತಿಳಿವಳಿಕೆಯೂ ಅಲ್ಲಿ ಅಷ್ಟೇ ದೊಡ್ಡ ಪಾತ್ರ ವಹಿಸಿದೆ ಎಂಬುದು ಈ ಲೇಖನದ ವಾದ.

ರಾಬರ್ಟ್ ಕಾಖ್ 1882ರಲ್ಲಿ ರೋಗಾಣುವನ್ನು ತೋರಿಸಿದ ಮೇಲೂ 1940ರ ದಶಕದವರೆಗೆ ಅದಕ್ಕೆ ತಕ್ಕ ಮದ್ದಿರಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಆ ಕಾಲದ ಕೂಸು. ಶುದ್ಧ ಗಾಳಿ, ಪುಷ್ಟಿಯ ಊಟ, ವಿಶ್ರಾಂತಿ ಇವೇ ಆಗಿನ ಮುಖ್ಯ ಚಿಕಿತ್ಸೆ. ಆದರೆ ಶ್ವಾಸಕೋಶಕ್ಕೆ ವಿಶ್ರಾಂತಿ ಎಲ್ಲಿಂದ ಬರಬೇಕು? ನಿಮಿಷಕ್ಕೆ 15 ಉಸಿರೆಂದರೂ ದಿನಕ್ಕೆ 21,600 ಆಯಿತು. ನಮ್ಮ ಯೋಗಗ್ರಂಥಗಳ ಲೆಕ್ಕವೂ ಇದೇ ಎಂಬುದು ಕುತೂಹಲದ ಸಂಗತಿ.

ಇಟಲಿಯ ವೈದ್ಯ ಕಾರ್ಲೊ ಫೋರ್ಲನೀನಿ ಕಂಡುಕೊಂಡ ಉಪಾಯ ದಿಟ್ಟವಾದದ್ದು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಸ್ನಾಯುವಿಲ್ಲ. ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದಾಗ, ಎದೆಗೋಡೆಗೂ ಶ್ವಾಸಕೋಶಕ್ಕೂ ನಡುವಿನ ತೆಳುಪೊರೆಯ ಎಡೆಯಲ್ಲಿ ಒತ್ತಡ ಇನ್ನಷ್ಟು ತಗ್ಗುತ್ತದೆ. ಶ್ವಾಸಕೋಶ ಅರಳಿ ಗಾಳಿ ಒಳನುಗ್ಗುತ್ತದೆ. ಆ ಎಡೆಗೆ ಸೂಜಿಯಿಂದ ಗಾಳಿ ತುಂಬಿದರೆ ಈ ಸೆಳೆತ ತಪ್ಪಿ, ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಕುಗ್ಗುತ್ತದೆ, ಕ್ಷಯದ ಕುಳಿ ಮುಚ್ಚಿಕೊಳ್ಳುತ್ತದೆ. ತುಂಬಿದ ಗಾಳಿಯನ್ನು ರಕ್ತ ಮೆಲ್ಲಗೆ ಹೀರಿಕೊಳ್ಳುವುದರಿಂದ ಮತ್ತೆ ಮತ್ತೆ ಸೂಜಿ ಚುಚ್ಚಬೇಕಿತ್ತು, ಕೆಲವರಿಗೆ ವರ್ಷಗಟ್ಟಲೆ. ಈಗ ಕ್ರೂರವೆನಿಸಬಹುದು, ಆದರೆ ಕುಗ್ಗಿದ ಭಾಗದಲ್ಲಿ ಆಮ್ಲಜನಕ ತಗ್ಗುವುದರಿಂದ ತರ್ಕ ಪೊಳ್ಳಲ್ಲ. ನಿಂತ ಮನುಷ್ಯನ ಶ್ವಾಸಕೋಶದ ತುದಿಭಾಗಕ್ಕೆ ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ರಕ್ತ ಕಡಿಮೆ ಹರಿಯುತ್ತದೆ, ಹಾಗಾಗಿ ಅಲ್ಲಿ ಆಮ್ಲಜನಕದ ಒತ್ತಡ ಹೆಚ್ಚು. ಆಮ್ಲಜನಕಪ್ರಿಯವಾದ ಕ್ಷಯಾಣು ವಯಸ್ಕರಲ್ಲಿ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುವುದಕ್ಕೆ ಇದೊಂದು ಪ್ರಬಲ ವಿವರಣೆ.

ಸ್ಟ್ರೆಪ್ಟೊಮೈಸಿನ್, ಐಸೋನಿಯಜಿಡ್ ಔಷಧಗಳು ಬಂದ ಮೇಲೆ ಗಾಳಿ ತುಂಬುವ ಸೂಜಿ ಹಿಂದೆ ಸರಿಯಿತು. ಮನೆಯಲ್ಲೇ ಮಾತ್ರೆ ನುಂಗಿದವರು ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಚೇತರಿಸಿಕೊಂಡರೆಂದು ಮದರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಮರುವರ್ಷ, 1960ರ ಸೆಪ್ಟೆಂಬರ್ 16ರಂದು, ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವೇ ನನ್ನ ಮಟ್ಟಿಗೆ ಇಲ್ಲಿನ ನಿಜವಾದ ತಿರುವು. ಜನ ರೋಗವನ್ನು ಬಚ್ಚಿಡುತ್ತಾರೆಂಬ ನಂಬಿಕೆ ಅಲ್ಲಿ ಬಿದ್ದುಹೋಯಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲು ತಟ್ಟಿದ್ದರು. ಅವರ ಕೆಮ್ಮನ್ನು ಅಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಕುಳಿ ಶ್ವಾಸನಾಳಕ್ಕೆ ತೆರೆದುಕೊಂಡಾಗ ರೋಗಾಣುಗಳು ಕೆಮ್ಮಿನೊಡನೆ ಹೊರಬೀಳುತ್ತವೆ. ರೋಗ ಹರಡುವವರಲ್ಲಿ ಮುಖ್ಯರು ಹೀಗೆ ಕಫದಲ್ಲಿ ರೋಗಾಣುವಿರುವವರೇ. ಹಾಗಾಗಿ ಎಕ್ಸ್‌ರೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕಫ ನೋಡಲು ಒಂದು ಸೂಕ್ಷ್ಮದರ್ಶಕದಿಂದ ಕೆಲಸ ನಡೆಯಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ಆಧಾರದ ಮೇಲೆ. ಕಫ ಕೆಮ್ಮಿ ಉಗುಳಲು ಬಾರದ ಚಿಕ್ಕ ಮಕ್ಕಳು ಮಾತ್ರ ಈ ಜಾಲರಿಯಿಂದ ಬಹುಕಾಲ ನುಣುಚಿಕೊಳ್ಳುತ್ತಲೇ ಬಂದರು.